ಬಾಯಲ್ಲಿ ಬರುವುದು ಕೈಯಲ್ಲಿ ಏಕೆ ಬರುವುದಿಲ್ಲ? ಕಲಿಕೆಯ ತೊಡಕು ಮತ್ತು ಮಕ್ಕಳ ಮನಸ್ಸು

ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಮೊದಲ ಅವಧಿಯ ಪರೀಕ್ಷೆಯ ಅಂಕಗಳು ಮನೆ ತಲುಪುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಮನೆಯಾಗಲಿ, ನವಲಗುಂದ ಕಡೆಯ ಹಳ್ಳಿಯ ಕಟ್ಟೆಯಾಗಲಿ, ಆ ವಾರ ಕಿವಿಗೆ ಬೀಳುವ ಮಾತು ಒಂದೇ: ‘ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ಒಂದೂ ಬರುವುದಿಲ್ಲ.’ ಹತ್ತನೇ ತರಗತಿಯ ಮಗುವಾದರೆ ಆ ಮಾತಿನಲ್ಲಿ ಭಯವೂ ಬೆರೆತಿರುತ್ತದೆ. ಶಾಲೆಗಳು ಇದೇ ಹೊತ್ತಿಗೆ ‘ನಿಧಾನ ಕಲಿಕೆಯ ಮಕ್ಕಳ’ ಪಟ್ಟಿ ಮಾಡಿ ಸಂಜೆಯ ವಿಶೇಷ ತರಗತಿಗೆ ಕೂರಿಸುತ್ತವೆ. ಕೆಲವು ಮಕ್ಕಳು ಅಲ್ಲಿ ಚೇತರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಎಷ್ಟು ಕೂರಿಸಿದರೂ ಇದ್ದಲ್ಲೇ ಇರುತ್ತಾರೆ. ಬರಬರುತ್ತ ಅವರ ಮಾತು ಕಡಿಮೆಯಾಗುತ್ತದೆ, ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆ ನೋಯುತ್ತದೆ.

ಈ ಎರಡನೆಯ ಗುಂಪಿನ ಮಕ್ಕಳಿಗೆ ಏನಾಗುತ್ತಿದೆ ಎಂಬುದನ್ನು ವೈದ್ಯರೂ ಮನೋವಿಜ್ಞಾನಿಗಳೂ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹುಡುಕುತ್ತ ಬಂದಿದ್ದಾರೆ. ಆ ಹುಡುಕಾಟದಿಂದ ತಿಳಿದ ವಿಷಯಗಳು ನಮ್ಮ ಮನೆಗಳಿಗೆ ಬಂದಿರುವುದು ತೀರಾ ಕಡಿಮೆ. ಡಿಸ್ಲೆಕ್ಸಿಯಾ, ಡಿಪ್ರೆಶನ್, ಕೌನ್ಸೆಲಿಂಗ್ ಎಂಬ ಹೆಸರುಗಳೇನೋ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿವೆ. ಅವುಗಳ ಅರ್ಥವೇನು, ಒಂದಕ್ಕೂ ಇನ್ನೊಂದಕ್ಕೂ ಏನು ನಂಟು ಎಂದು ಬಿಡಿಸಿ ಹೇಳುವ ಪ್ರಯತ್ನ ಇದು.

ಎಲ್ಲ ಹಿಂದುಳಿಯುವಿಕೆಯೂ ಒಂದೇ ಅಲ್ಲ

ಒಂದೇ ಬೆಂಚಿನ ಮೇಲೆ ಕುಳಿತ ನಾಲ್ಕು ಮಕ್ಕಳು ನಾಲ್ಕು ಬೇರೆ ಬೇರೆ ಕಾರಣಗಳಿಂದ ಓದಲು ತಡವರಿಸುತ್ತಿರಬಹುದು.

ಮೊದಲನೆಯ ಮಗುವಿಗೆ ಕಲಿಯುವ ಅವಕಾಶವೇ ಸಿಕ್ಕಿಲ್ಲ. ತಂದೆ ತಾಯಿ ದುಡಿಯಲು ಗೋವಾಕ್ಕೆ ಹೋದಾಗ ಅದೂ ಹೋಗಿದೆ, ವರ್ಷದಲ್ಲಿ ನಾಲ್ಕು ತಿಂಗಳು ಶಾಲೆ ತಪ್ಪಿದೆ. ಅಥವಾ ಮನೆಯ ಮಾತು ಲಂಬಾಣಿ ಇಲ್ಲವೇ ಉರ್ದು, ಶಾಲೆಯದು ಗ್ರಾಂಥಿಕ ಕನ್ನಡ. ಗದಗ ಜಿಲ್ಲೆಯ ತಾಂಡಾದಿಂದ ಬಂದ ಮಗು ಪಾಠದಲ್ಲಿನ ಪದವನ್ನೇ ಮೊದಲ ಸಲ ಕೇಳುತ್ತಿರುವಾಗ ಅದನ್ನು ಓದಲು ತಡವಾಗುವುದು ಸಹಜ. ಇದನ್ನು ಕಲಿಕಾ ಹಿನ್ನಡೆ ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಬಹುಪಾಲು ಮಕ್ಕಳಿಗೆ ಆದದ್ದು ಇದೇ. ಮಗುವಿನಲ್ಲಿ ಯಾವ ಕೊರತೆಯೂ ಇಲ್ಲ, ಕಲಿಸಿದರೆ ಕಲಿಯುತ್ತದೆ.

ಎರಡನೆಯ ಮಗುವಿಗೆ ಒಟ್ಟಾರೆ ಬುದ್ಧಿಯ ಬೆಳವಣಿಗೆಯೇ ನಿಧಾನ. ಓದು ಮಾತ್ರವಲ್ಲ, ಮಾತು, ಲೆಕ್ಕ, ಅಂಗಡಿಗೆ ಹೋಗಿ ಬರುವುದು ಎಲ್ಲವೂ ವಯಸ್ಸಿಗಿಂತ ಹಿಂದಿರುತ್ತವೆ. ಮೂರನೆಯದಕ್ಕೆ ಒಂದು ಕಡೆ ಗಮನ ನಿಲ್ಲುವುದಿಲ್ಲ, ಕುಳಿತಲ್ಲಿ ಕೂರಲಾಗುವುದಿಲ್ಲ. ಇದಕ್ಕೆ ಎಡಿಎಚ್‌ಡಿ ಎಂಬ ಹೆಸರಿದೆ.

ನಾಲ್ಕನೆಯ ಮಗುವೇ ಈ ಲೇಖನದ ಕೇಂದ್ರ. ಬುದ್ಧಿ ಸರಿಯಿದೆ, ಕಣ್ಣು ಕಿವಿ ಸರಿಯಿವೆ, ಶಾಲೆಗೆ ದಿನವೂ ಹೋಗುತ್ತದೆ, ಶಿಕ್ಷಕರೂ ಕಲಿಸುತ್ತಾರೆ. ಆದರೂ ಓದುವುದು, ಬರೆಯುವುದು ಅಥವಾ ಲೆಕ್ಕ, ಇವುಗಳಲ್ಲಿ ಒಂದರಲ್ಲಿ ಅಥವಾ ಹೆಚ್ಚಿನದರಲ್ಲಿ ಮಾತ್ರ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಸರ್ಕಾರಿ ಭಾಷೆಯಲ್ಲಿ ಇದು ‘ನಿರ್ದಿಷ್ಟ ಕಲಿಕಾ ನ್ಯೂನತೆ’. ಓದಿನದಾದರೆ ಡಿಸ್ಲೆಕ್ಸಿಯಾ, ಬರಹದ್ದಾದರೆ ಡಿಸ್‌ಗ್ರಾಫಿಯಾ, ಲೆಕ್ಕದ್ದಾದರೆ ಡಿಸ್‌ಕ್ಯಾಲ್ಕುಲಿಯಾ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಪ್ರಕಾರ ಬೇರೆ ಬೇರೆ ಭಾಷೆ, ಸಂಸ್ಕೃತಿಗಳ ಶಾಲಾ ಮಕ್ಕಳಲ್ಲಿ ಶೇ 5ರಿಂದ 15ರಷ್ಟು ಮಂದಿಗೆ ಇಂಥ ತೊಡಕಿದೆ. 40 ಮಕ್ಕಳ ತರಗತಿಯಲ್ಲಿ ಎರಡರಿಂದ ಆರು ಮಕ್ಕಳು ಎಂದಾಯಿತು. ಕನಿಷ್ಠ ಆರು ತಿಂಗಳು ಸರಿಯಾದ ನೆರವು ಕೊಟ್ಟು, ಅದರ ನಂತರವೂ ತೊಡಕು ಉಳಿದರೆ ಮಾತ್ರ ಈ ಹೆಸರು ಕೊಡಬೇಕೆಂದು ಅದೇ ಕೈಪಿಡಿ ಹೇಳುತ್ತದೆ. ಒಂದು ಅಂಕಪಟ್ಟಿ ನೋಡಿ ನಿರ್ಧರಿಸುವ ವಿಷಯ ಇದಲ್ಲ.

ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ಓದಿದ ಹುಡುಗನೊಬ್ಬ ನೆನಪಾಗುತ್ತಾನೆ. ಮಳೆ ಯಾವ ನಕ್ಷತ್ರದಲ್ಲಿ ಬಂದರೆ ಎರೆಹೊಲದಲ್ಲಿ ಏನು ಬಿತ್ತಬೇಕೆಂದು ದೊಡ್ಡವರಂತೆ ಹೇಳುತ್ತಿದ್ದ. ಕನ್ನಡ ಪಾಠದ ಹೊತ್ತಿಗೆ ಅವನನ್ನು ನೀರು ತರಲು ಹೊರಗೆ ಕಳಿಸುತ್ತಿದ್ದರು, ಏಕೆಂದರೆ ಓದಿಸಿದರೆ ಸಮಯ ಹಾಳು. ಏಳನೇ ತರಗತಿಗೆ ಶಾಲೆ ಬಿಟ್ಟ. ನಾಲ್ವರಲ್ಲಿ ಅವನು ಯಾರು ಎಂದು ಒಬ್ಬರೂ ಕೇಳಲಿಲ್ಲ.

1896ರ ಒಬ್ಬ ಹುಡುಗ

ಡಿಸ್ಲೆಕ್ಸಿಯಾ ಎಂಬ ಪದವನ್ನು ಕೊಟ್ಟವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್, 19ನೇ ಶತಮಾನದ ಕೊನೆಯ ಭಾಗದಲ್ಲಿ. ಅವರು ನೋಡುತ್ತಿದ್ದದ್ದು ಮಿದುಳಿಗೆ ಪೆಟ್ಟಾಗಿ ಓದುವ ಶಕ್ತಿ ಕಳೆದುಕೊಂಡ ದೊಡ್ಡವರನ್ನು. ಏನೂ ಪೆಟ್ಟಾಗದ ಮಗುವಿಗೂ ಹೀಗಾಗಬಹುದು ಎಂದು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಒಬ್ಬರು. 1896ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಚುರುಕಾದ ಹುಡುಗ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಅಂಕಿಗಳನ್ನು ಸಲೀಸಾಗಿ ಓದುತ್ತಾನೆ. ಆದರೆ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ‘ಪ್ರೆಸಿ’ ಎಂದು ಬರೆಯುತ್ತಾನೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಎಂದು ಅವನ ಶಿಕ್ಷಕರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ.

ನಮ್ಮ ಅವ್ವಂದಿರು ‘ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ’ ಎನ್ನುವುದೂ ಆ ಶಿಕ್ಷಕರ ಮಾತೂ ಒಂದೇ ಅನುಭವದಿಂದ ಬಂದವು. ಕಣ್ಣಿನಲ್ಲಿ ದೋಷವಿದೆ ಎಂದೇ ಬಹುಕಾಲ ಹುಡುಕಿದರು. ಈಗ ಬಹುಪಾಲು ಸಂಶೋಧಕರು ನೋಡುವುದು ಕಣ್ಣನ್ನಲ್ಲ, ಮಿದುಳು ಮಾತಿನ ಧ್ವನಿಗಳನ್ನು ಹಿಡಿಯುವ ಬಗೆಯನ್ನು.

ಓದುವುದು ರೊಟ್ಟಿ ಬಡಿದಂತೆ

ಮಾತು ಕಲಿಯಲು ಮಗುವಿಗೆ ಯಾರೂ ಪಾಠ ಮಾಡಬೇಕಿಲ್ಲ. ಸುತ್ತ ಮಾತು ಕೇಳಿಸಿದರೆ ಸಾಕು. ಓದು ಹಾಗಲ್ಲ. ಮನುಷ್ಯ ಮಾತಾಡಲು ಶುರುಮಾಡಿ ಹತ್ತಾರು ಸಾವಿರ ವರ್ಷಗಳಾಗಿವೆ, ಬರಹ ಬಂದು ಸುಮಾರು 5,000 ವರ್ಷ. ಮಿದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಮೀಸಲಾದ ಜಾಗವಿಲ್ಲ. ಆಕಾರಗಳನ್ನು ಗುರುತಿಸುವ ಭಾಗಕ್ಕೂ ಮಾತನ್ನು ಅರಿಯುವ ಭಾಗಕ್ಕೂ ನಡುವೆ ಪ್ರತಿ ಮಗುವೂ ಹೊಸದಾಗಿ ದಾರಿ ಹಾಕಿಕೊಳ್ಳಬೇಕು.

ಜೋಳದ ರೊಟ್ಟಿ ಬಡಿಯುವುದನ್ನು ನೆನೆಸಿಕೊಳ್ಳಿ. ಪಳಗಿದ ಕೈಯವರು ಪಕ್ಕದ ಮನೆಯವರ ಜೊತೆ ಮಾತಾಡುತ್ತಲೇ ಹತ್ತು ರೊಟ್ಟಿ ಬಡಿದು ಹಂಚಿಗೆ ಹಾಕುತ್ತಾರೆ. ಹೊಸದಾಗಿ ಕಲಿಯುವವರಿಗೆ ಹಿಟ್ಟಿನ ಹದ, ಕೈಯ ಒತ್ತು, ಅಂಚು ಹರಿಯದಂತೆ ತಿರುಗಿಸುವುದು, ಒಂದೊಂದಕ್ಕೂ ಗಮನ ಕೊಡಬೇಕು. ಆಗ ಮಾತು ಕೇಳಿಸಿದರೂ ತಲೆಗೆ ಹೋಗುವುದಿಲ್ಲ. ಓದೂ ಅಷ್ಟೇ. ಅಕ್ಷರ ಕಂಡೊಡನೆ ಧ್ವನಿ ತಾನಾಗಿ ಬರುವಂತಾದಾಗ ಮಾತ್ರ ಗಮನ ಅರ್ಥದ ಕಡೆ ಹೋಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿನ ಓದು ಆ ಪಳಗಿದ ಹಂತಕ್ಕೆ ಬರುವುದೇ ತಡ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಅದೇ ಪಾಠವನ್ನು ಅಕ್ಕ ಗಟ್ಟಿಯಾಗಿ ಓದಿ ಹೇಳಿದರೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತದೆ. ಇಷ್ಟು ದುಡಿಯುತ್ತಿರುವ ಮಗುವಿಗೆ ಸೋಮಾರಿ ಎನ್ನುವುದು ಎಂಥ ಅನ್ಯಾಯ ಎಂದು ಯೋಚಿಸಿ.

ಕನ್ನಡದ ಓದಿನಲ್ಲಿ ಇದು ಹೇಗೆ ಕಾಣುತ್ತದೆ?

ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಇನ್ನೊಂದು ಕಡೆಯಿಂದ ನೋಡಿದರೆ ಕನ್ನಡ ಉದಾರಿ: ಬರೆದಂತೆ ಓದಬಹುದು, ಕಲಿತ ಅಕ್ಷರ ಮೋಸ ಮಾಡುವುದಿಲ್ಲ.

ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಹತ್ತಿರದಿಂದ ಅಧ್ಯಯನ ಮಾಡಿದವರಲ್ಲಿ ಸೊನಾಲಿ ನಾಗ್ ಪ್ರಮುಖರು. 2007ರಲ್ಲಿ ಪ್ರಕಟವಾದ ಅವರ ಸಂಶೋಧನೆಯಲ್ಲಿ ಎರಡು ಸಂಗತಿಗಳು ಕಂಡವು. ಅಕ್ಷರಗಳ ಪೂರ್ಣ ಹಿಡಿತ ಬರಲು ನಾಲ್ಕನೇ ತರಗತಿಯವರೆಗೂ ಸಮಯ ಬೇಕಾಗಬಹುದು. ಒಂದು ಅಕ್ಷರದೊಳಗಿನ ಸಣ್ಣ ಧ್ವನಿಗಳನ್ನು, ಅಂದರೆ ‘ಕಿ’ಯಲ್ಲಿ ಕ್ ಮತ್ತು ಇ ಇವೆ ಎಂಬುದನ್ನು, ಬಿಡಿಸಿ ಕೇಳುವ ಶಕ್ತಿ ಇನ್ನೂ ನಿಧಾನವಾಗಿ ಬೆಳೆಯುತ್ತದೆ. ಇಂಗ್ಲೆಂಡಿನ ಮನೋವಿಜ್ಞಾನಿ ಮಾರ್ಗರೆಟ್ ಸ್ನೋಲಿಂಗ್ ಅವರ ಜೊತೆಗೂಡಿ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕನ್ನಡ ಓದಲು ಕಷ್ಟಪಡುವ ಮಕ್ಕಳು ಧ್ವನಿಗಳನ್ನು ಬಿಡಿಸುವ ಕೆಲಸದಲ್ಲೂ ಹಿಂದಿರುವುದು ಕಂಡುಬಂತು. ಲಿಪಿ ಬೇರೆಯಾದರೂ ತೊಡಕಿನ ಬೇರು ಇಂಗ್ಲಿಷ್ ಮಕ್ಕಳದ್ದನ್ನು ಹೋಲುತ್ತದೆ.

ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ ಎಂಬುದು ಇದರಿಂದ ತಿಳಿಯುತ್ತದೆ. ಐದನೇ ತರಗತಿಯಲ್ಲೂ ದೀರ್ಘ ಹ್ರಸ್ವಗಳು ಅದಲುಬದಲಾಗುತ್ತಿದ್ದರೆ, ಒತ್ತಕ್ಷರ ಪ್ರತಿ ಸಾಲಿನಲ್ಲೂ ಬಿಟ್ಟುಹೋಗುತ್ತಿದ್ದರೆ, ದ, ಧ, ಥ ಒಂದೇ ಎನಿಸುತ್ತಿದ್ದರೆ, ಮೊದಲ ಅಕ್ಷರ ನೋಡಿ ಉಳಿದ ಪದವನ್ನು ಊಹಿಸಿ ಹೇಳುತ್ತಿದ್ದರೆ, ಹಲಗೆಯ ಮೇಲಿನದನ್ನು ಬರೆದುಕೊಳ್ಳಲು ಬೇರೆಯವರಿಗಿಂತ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತಿದ್ದರೆ ಗಮನಿಸಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನಮ್ಮ ಭಾಗದ ಆಡುಮಾತಿನಲ್ಲಿ ಮಹಾಪ್ರಾಣ ಹೆಚ್ಚಾಗಿ ಕೇಳಿಸುವುದಿಲ್ಲ. ಮಗು ‘ಧಾರವಾಡ’ವನ್ನು ‘ದಾರವಾಡ’ ಎಂದು ಬರೆದರೆ ಅದು ಕೇಳಿದ್ದನ್ನು ಬರೆದಿದೆ, ಅಷ್ಟೇ.

ಕನ್ನಡದಲ್ಲಿ ಹೇಗೋ ಸಾಗಿಸಿದ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮೇಲೆ ಕುಸಿಯುವುದೂ ಉಂಟು. ಇಟಲಿ, ಫ್ರಾನ್ಸ್ ಮತ್ತು ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿ 2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಬೆಳಕು ಚೆಲ್ಲುತ್ತದೆ. ಓದುವಾಗ ಮೂರೂ ದೇಶದವರ ಮಿದುಳಿನಲ್ಲೂ ಒಂದೇ ಭಾಗ ಕಡಿಮೆ ಕೆಲಸ ಮಾಡುತ್ತಿತ್ತು. ಆದರೆ ಬರೆದಂತೆ ಓದುವ ಭಾಷೆಯಾದ ಇಟಾಲಿಯನ್‌ನಲ್ಲಿ ಓದುತ್ತಿದ್ದವರು ಉಳಿದೆರಡು ದೇಶದವರಿಗಿಂತ ಚೆನ್ನಾಗಿ ಓದಿದರು. ತೊಡಕು ಒಂದೇ, ಭಾಷೆ ಅದನ್ನು ಮುಚ್ಚಿಡುತ್ತದೆ ಅಥವಾ ಬಯಲು ಮಾಡುತ್ತದೆ.

ಕಾರಣ ಯಾವುದು, ಪರಿಣಾಮ ಯಾವುದು?

‘ಧ್ವನಿ ಬಿಡಿಸಲು ಬಾರದ್ದರಿಂದ ಓದು ಬರುವುದಿಲ್ಲ’ ಎನ್ನುತ್ತೀರಿ, ‘ಓದು ಬಾರದ್ದರಿಂದ ಧ್ವನಿ ಬಿಡಿಸಲು ಬರುವುದಿಲ್ಲ’ ಎಂದೂ ಏಕಿರಬಾರದು ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಇದನ್ನು ಬಿಡಿಸಲು ಆಕ್ಸ್‌ಫರ್ಡ್‌ನಲ್ಲಿ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ ಎಂಬ ಸಂಶೋಧಕರು ಇನ್ನೂ ಓದು ಕಲಿಯದ ಸುಮಾರು 400 ಮಕ್ಕಳನ್ನು ಆರಿಸಿಕೊಂಡರು. ಪ್ರಾಸವಿರುವ ಪದಗಳನ್ನೂ ಇಲ್ಲದವುಗಳನ್ನೂ ಬೇರ್ಪಡಿಸುವ ಆಟ ಆಡಿಸಿ, ಕೆಲವು ವರ್ಷ ಕಾದು ನೋಡಿದರು. ಆಗ ಆಟದಲ್ಲಿ ಮುಂದಿದ್ದವರು ಮುಂದೆ ಓದಿನಲ್ಲೂ ಮುಂದಿದ್ದರು. ಅಷ್ಟಕ್ಕೇ ನಿಲ್ಲದೆ, ಆಟದಲ್ಲಿ ಹಿಂದಿದ್ದವರಲ್ಲಿ 65 ಮಕ್ಕಳನ್ನು ಗುಂಪು ಮಾಡಿ ಕೆಲವರಿಗೆ ಎರಡು ವರ್ಷ ಧ್ವನಿಯ ತರಬೇತಿ ಕೊಟ್ಟರು. ಧ್ವನಿಯನ್ನು ಅಕ್ಷರದ ಜೊತೆ ಜೋಡಿಸಿ ಕಲಿತ ಮಕ್ಕಳ ಓದು ಎಲ್ಲರಿಗಿಂತ ಸುಧಾರಿಸಿತ್ತು. 1983ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶ ಇಂದಿನ ಪರಿಹಾರ ಬೋಧನೆಗೆ ತಳಪಾಯಗಳಲ್ಲೊಂದು.

ತೊಡಕು ಮನೆತನದಲ್ಲಿ ಹರಿದು ಬರುತ್ತದೆ ಎಂಬುದೂ ಅವಳಿ ಮಕ್ಕಳ ಅಧ್ಯಯನಗಳಿಂದ ಗೊತ್ತಾಗಿದೆ. ತಾಯಿ ಮುದ್ದು ಮಾಡಿದ್ದರಿಂದ ಇದು ಬರುವುದಿಲ್ಲ, ಮೊಬೈಲ್ ನೋಡಿದ್ದರಿಂದ ಹುಟ್ಟುವುದೂ ಇಲ್ಲ.

ಅಕ್ಷರದ ತೊಡಕು ಮನಸ್ಸಿಗೆ ಇಳಿಯುವುದು ಹೇಗೆ?

ಕಲಿಕಾ ನ್ಯೂನತೆಯೇ ಮಾನಸಿಕ ಕಾಯಿಲೆಯಲ್ಲ. ಆದರೆ ಎರಡೂ ಒಂದೇ ಮಗುವಿನಲ್ಲಿ ಜೊತೆಯಾಗುವ ಸಾಧ್ಯತೆ ಹೆಚ್ಚು. ಜೇಸನ್ ನೆಲ್ಸನ್ ಮತ್ತು ಹ್ಯಾನಾ ಹಾರ್ವುಡ್ ಎಂಬ ಸಂಶೋಧಕರು 2011ರಲ್ಲಿ 58 ಅಧ್ಯಯನಗಳನ್ನು ಒಟ್ಟು ಮಾಡಿ ತೂಗಿ ನೋಡಿದರು. ಕಲಿಕಾ ನ್ಯೂನತೆಯಿರುವ ಸುಮಾರು ಶೇ 70 ವಿದ್ಯಾರ್ಥಿಗಳಲ್ಲಿ ಆತಂಕದ ಲಕ್ಷಣಗಳು ಉಳಿದ ವಿದ್ಯಾರ್ಥಿಗಳಿಗಿಂತ ಹೆಚ್ಚಿದ್ದವು. ಈ ಅಂಕಿಯನ್ನು ತಪ್ಪಾಗಿ ಓದುವುದು ಸುಲಭ. ನೂರರಲ್ಲಿ 70 ಮಕ್ಕಳಿಗೆ ಕಾಯಿಲೆ ಇದೆ ಎಂದು ಇದರ ಅರ್ಥವಲ್ಲ. ವ್ಯತ್ಯಾಸವೇ ಇಲ್ಲದಿದ್ದರೆ ಶೇ 50 ಮಕ್ಕಳು ಸರಾಸರಿಗಿಂತ ಮೇಲಿರುತ್ತಿದ್ದರು; ಇಲ್ಲಿ 70 ಮಂದಿ ಇದ್ದಾರೆ. ಹೊರೆ ಹೆಚ್ಚಿದೆ ಎಂಬುದು ನಿಜ, ಪ್ರತಿ ಮಗುವೂ ಕುಸಿಯುತ್ತದೆ ಎಂಬುದು ನಿಜವಲ್ಲ.

ಹೊರೆ ಏಕೆ ಹೆಚ್ಚುತ್ತದೆ? ಒಂದು ದಾರಿ ಹೀಗಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಾಯಿಗಳಿಗೆ ವಿದ್ಯುತ್ತಿನ ಆಘಾತ ಕೊಡಲಾಯಿತು. ಇಂದು ಅಂಥ ಪ್ರಯೋಗವನ್ನು ಯಾರೂ ಸುಲಭವಾಗಿ ಒಪ್ಪಲಾರರು, ಓದುವಾಗ ಮನಸ್ಸು ಹಿಂಡುತ್ತದೆ. ಕೆಲವು ನಾಯಿಗಳಿಗೆ ತಲೆಯಿಂದ ಫಲಕ ಒತ್ತಿ ಆಘಾತ ನಿಲ್ಲಿಸುವ ಅವಕಾಶವಿತ್ತು, ಕೆಲವಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎರಡನ್ನೂ ಸುಲಭವಾಗಿ ಹಾರಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲ ಗುಂಪಿನವು ಹಾರಿ ಪಾರಾದವು. ಎರಡನೆಯ ಗುಂಪಿನ ಹೆಚ್ಚಿನವು ಪ್ರಯತ್ನಿಸದೆ ಮಲಗಿಬಿಟ್ಟವು. ಇದನ್ನು ‘ಕಲಿತ ಅಸಹಾಯಕತೆ’ ಎಂದು ಕರೆದರು.

ಐದು ವರ್ಷ ಪ್ರತಿದಿನ ಎದ್ದು ನಿಂತು ಓದಿ, ಪ್ರತಿದಿನ ನಗೆಪಾಟಲಾದ ಮಗುವನ್ನು ಈಗ ನೆನೆಸಿಕೊಳ್ಳಿ. ಹೆಚ್ಚು ಓದಿದ ದಿನವೂ ಪೆಟ್ಟು, ಓದದ ದಿನವೂ ಪೆಟ್ಟು. ಪ್ರಯತ್ನಕ್ಕೂ ಫಲಕ್ಕೂ ಸಂಬಂಧವೇ ಕಾಣದಿದ್ದಾಗ ಪುಸ್ತಕ ಮುಚ್ಚಿ ಕೂರುವುದು ಆ ಮಗುವಿನ ದೃಷ್ಟಿಯಲ್ಲಿ ತಪ್ಪೇನಲ್ಲ. ‘ಮೈಗಳ್ಳ’ ಎಂದು ನಾವು ಕರೆಯುವ ಎಷ್ಟೋ ಮಕ್ಕಳು ಈ ಹಂತದಲ್ಲಿರುತ್ತಾರೆ.

ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮಾಯರ್ ಮತ್ತು ಸೆಲಿಗ್‌ಮನ್ ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿದರು. ಮಿದುಳಿನ ಅಧ್ಯಯನಗಳ ಆಧಾರದ ಮೇಲೆ ಅವರು ಹೇಳಿದ್ದು: ಬಹುಕಾಲ ನೋವು ತಿಂದ ಜೀವಿ ಸುಮ್ಮನಾಗುವುದು ಕಲಿತದ್ದಲ್ಲ, ಅದು ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ‘ನನ್ನ ಕೈಯಲ್ಲೂ ಏನೋ ಇದೆ’ ಎಂಬುದನ್ನು. ಶಿಕ್ಷಕರಿಗೆ ಇದು ದೊಡ್ಡ ಮಾತು. ಧೈರ್ಯ ತುಂಬುವ ಭಾಷಣಕ್ಕಿಂತ, ಮಗು ತಾನೇ ಓದಿ ಗೆಲ್ಲಬಹುದಾದಷ್ಟು ಚಿಕ್ಕ ಪಾಠ ಹೆಚ್ಚು ಕೆಲಸ ಮಾಡುತ್ತದೆ.

ಇದೇ ದಾರಿ ಹಿಮ್ಮುಖವಾಗಿಯೂ ಸಾಗುತ್ತದೆ: ಆತಂಕವೇ ಕಲಿಕೆಯನ್ನು ಕೆಡಿಸುತ್ತದೆ. ಒಂದು ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಂಡು ಕೆಲಸ ಮಾಡಬಲ್ಲ ವಿಷಯಗಳು ಕೆಲವೇ ಕೆಲವು. ಸಂತೆಗೆ ಒಯ್ದ ಕೈಚೀಲದಂತೆ ಅದು. ‘ನಗುತ್ತಾರೇನೋ, ಹೊಡೆಯುತ್ತಾರೇನೋ’ ಎಂಬ ಯೋಚನೆಯ ಕಲ್ಲನ್ನು ಮೊದಲೇ ಚೀಲಕ್ಕೆ ಹಾಕಿದರೆ ಕಾಯಿಪಲ್ಲೆಗೆ ಜಾಗ ಎಲ್ಲಿ? ಮನೆಯಲ್ಲಿ ಬಂದ ಲೆಕ್ಕ ಪರೀಕ್ಷೆಯಲ್ಲಿ ಮರೆಯುವುದಕ್ಕೆ ಒಂದು ಕಾರಣ ಇದು. ಹೀಗೆ ತೊಡಕು ಆತಂಕವನ್ನು, ಆತಂಕ ತೊಡಕನ್ನು ಬೆಳೆಸುತ್ತ ಹೋಗುತ್ತವೆ.

ಯಾವಾಗ ಎಚ್ಚರಗೊಳ್ಳಬೇಕು?

ಪರೀಕ್ಷೆಯ ಮುಂಚಿನ ಅಳುಕು ಎಲ್ಲರಿಗೂ ಇರುತ್ತದೆ, ಸ್ವಲ್ಪ ಅಳುಕು ಓದಿಸುತ್ತದೆ ಕೂಡ. ಎರಡು ವಾರ ಮೀರಿ ಮಗು ಮಂಕಾಗಿರುವುದು, ಇಷ್ಟದ ಆಟವೂ ಬೇಡವೆನ್ನುವುದು, ನಿದ್ದೆ ಊಟ ಕೆಡುವುದು, ಕಾರಣವಿಲ್ಲದ ಸಿಡುಕು, ಶಾಲೆಯಿರುವ ದಿನ ಮಾತ್ರ ಬರುವ ಹೊಟ್ಟೆನೋವು ತಲೆನೋವು, ಇವು ಬೇರೆ. ಹುಡುಗರಲ್ಲಿ ಖಿನ್ನತೆ ಅಳುವಿನ ಬದಲು ಸಿಟ್ಟಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ ಇದು ಅಪರೂಪವೇನಲ್ಲ.

ಸಾಯುವ ಮಾತಾಡಿದರೆ ಹೆದರಿಸಲು ಹೇಳುತ್ತಿದ್ದಾನೆ ಎಂದು ತಳ್ಳಿಹಾಕಬೇಡಿ. ‘ಸಾಯಬೇಕು ಅನಿಸುತ್ತಿದೆಯಾ?’ ಎಂದು ನೇರವಾಗಿ, ಮೆತ್ತಗೆ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮಕ್ಕಳ ಸಹಾಯವಾಣಿ 1098.

ತಪಾಸಣೆಗೆ ಎಲ್ಲಿ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ?

ಮೊದಲ ಮೆಟ್ಟಿಲು ಶಾಲೆ. ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುತ್ತಾರೆ. ಮುಖ್ಯೋಪಾಧ್ಯಾಯರನ್ನು ಅಥವಾ ಮಗುವಿನ ಅಕ್ಕೋರನ್ನು ಕಂಡು ಅವರ ಬಗ್ಗೆ ವಿಚಾರಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ನೋಡುವ ತೊಂದರೆಗಳ ಪಟ್ಟಿಯಲ್ಲೂ ಕಲಿಕೆಯ ತೊಡಕು ಇದೆ. ಪೂರ್ಣ ತಪಾಸಣೆಗೆ ನಮ್ಮ ಭಾಗದವರ ಪಾಲಿಗೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಗದಗ, ಹಾವೇರಿಯವರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಬಹುದು. ಡಿಮ್ಹಾನ್ಸ್ ಹೆಸರು ಕೇಳಿದೊಡನೆ ಹಿಂಜರಿಯುವವರು ಇನ್ನೂ ಇದ್ದಾರೆ, ಏಕೆಂದರೆ ಹಿಂದೆ ಆ ಆಸ್ಪತ್ರೆಯ ಹೆಸರನ್ನು ಬೈಗುಳದಂತೆ ಬಳಸುತ್ತಿದ್ದರು. ಆ ಹಿಂಜರಿಕೆಗೆ ಮಗುವಿನ ಎರಡು ಮೂರು ವರ್ಷ ಬಲಿಯಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ತಪಾಸಣೆಯಲ್ಲಿ ಸೂಜಿಯಿಲ್ಲ, ಸ್ಕ್ಯಾನ್ ಇಲ್ಲ. ಕಣ್ಣು ಕಿವಿ ಸರಿಯಿವೆಯೇ ಎಂದು ಮೊದಲು ನೋಡುತ್ತಾರೆ. ನಂತರ ಕ್ಲಿನಿಕಲ್ ಮನೋವಿಜ್ಞಾನಿ ಬುದ್ಧಿಮಟ್ಟದ ಪರೀಕ್ಷೆ ಮಾಡಿ, ಓದಿಸಿ, ಬರೆಸಿ, ಲೆಕ್ಕ ಮಾಡಿಸಿ, ಗಮನ ಮತ್ತು ನೆನಪನ್ನು ಅಳೆಯುತ್ತಾರೆ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛವೇ ದೇಶದಲ್ಲಿ ಹೆಚ್ಚು ಬಳಕೆಯಲ್ಲಿದೆ. ಹೋಗುವಾಗ ಮಗುವಿನ ಹಳೆಯ ನೋಟ್‌ಪುಸ್ತಕಗಳನ್ನು ಒಯ್ಯಿರಿ. ಅಂಕಪಟ್ಟಿಗಿಂತ ಅವು ಹೆಚ್ಚು ಹೇಳುತ್ತವೆ. ಮಗುವಿಗೂ ಮೊದಲೇ ತಿಳಿಸಿ: ‘ನಿನಗೆ ಓದು ಏಕೆ ಕಷ್ಟ ಎಂದು ನೋಡಿ ಸಹಾಯ ಮಾಡುತ್ತಾರೆ’ ಎಂದರೆ ಸಾಕು.

ಕಾನೂನು ಏನು ಕೊಡುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರಿರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಅದು ಸೇರಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸುವುದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕರ್ತವ್ಯ ಎಂದೂ ಆ ಕಾಯ್ದೆ ಹೇಳುತ್ತದೆ. 2018ರ ಮಾರ್ಗಸೂಚಿಯಲ್ಲಿ ನ್ಯೂನತೆಯ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ ಸಿಗುತ್ತದೆ, 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಯಾಗುತ್ತದೆ ಎಂದಿತ್ತು. ನೆರವು ಕೊಡಲು ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಅದು ಬೇಕಾಗುವುದು ರಿಯಾಯಿತಿಗಳಿಗೆ. ಶೇ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಇರುವವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು ಪರೀಕ್ಷೆಗಳ ಬಗ್ಗೆ ಕೇಂದ್ರ ಹೊರಡಿಸಿದ 2018ರ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ರಿಯಾಯಿತಿಗಳಿವೆ. ಅವಕ್ಕೆ ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕಾದ್ದರಿಂದ ಫೆಬ್ರುವರಿಯಲ್ಲಿ ಓಡಾಡಿದರೆ ತಡವಾಗುತ್ತದೆ. ದಸರಾ ಮುಗಿದ ಈ ಹೊತ್ತೇ ಸರಿಯಾದದ್ದು.

ಯಾವುದು ಕೆಲಸ ಮಾಡುತ್ತದೆ?

ಡಿಸ್ಲೆಕ್ಸಿಯಾಕ್ಕೆ ಮಾತ್ರೆಯಿಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2009ರಲ್ಲೇ ಹೇಳಿದೆ. ಅವಕ್ಕೆ ದುಡ್ಡು ಸುರಿಯಬೇಡಿ. ಕೆಲಸ ಮಾಡುವುದು ಧ್ವನಿಯನ್ನೂ ಅಕ್ಷರವನ್ನೂ ಜೋಡಿಸುವ, ಸುಲಭದಿಂದ ಕಷ್ಟಕ್ಕೆ ಕ್ರಮವಾಗಿ ಏರುವ, ದಿನವೂ ಸ್ವಲ್ಪ ಹೊತ್ತು ನಡೆಯುವ ಬೋಧನೆ. ಇದರಲ್ಲಿ ಒಂದು ಪಾಲು ಮನೆಯಲ್ಲೂ ಸಾಧ್ಯ. ಅಂತ್ಯಾಕ್ಷರಿ ಆಡಿ. ‘ಕಮಲದಲ್ಲಿ ಕ ತೆಗೆದರೆ ಏನು ಉಳಿಯುತ್ತದೆ?’ ಎಂದು ಕೇಳಿ. ‘ಕಾ’, ‘ಕಿ’, ‘ಕು’ ಮೂರರಲ್ಲೂ ಮೊದಲು ಕೇಳಿಸುವ ಧ್ವನಿ ಯಾವುದೆಂದು ಕೇಳಿ. ಒಂದು ಸಾಲು ನೀವು, ಒಂದು ಸಾಲು ಮಗು ಓದಿ. ಇಪ್ಪತ್ತು ನಿಮಿಷ ಸಾಕು, ಬೈಗುಳ ಬಂದೊಡನೆ ನಿಲ್ಲಿಸಿಬಿಡಿ.

ತರಗತಿಯಲ್ಲಿ ಮಗುವನ್ನು ದಿಢೀರನೆ ಎಬ್ಬಿಸಿ ಗಟ್ಟಿಯಾಗಿ ಓದಿಸದಿರುವುದು ಖರ್ಚಿಲ್ಲದ ನೆರವು. ನಾಳೆ ಓದಬೇಕಾದ ನಾಲ್ಕು ಸಾಲುಗಳನ್ನು ಇಂದೇ ಕೊಟ್ಟರೆ ಮನೆಯಲ್ಲಿ ತಯಾರಾಗಿ ಬರುತ್ತದೆ. ಇತಿಹಾಸ, ವಿಜ್ಞಾನದ ಉತ್ತರವನ್ನು ಬಾಯಿಮಾತಿನಲ್ಲೂ ಕೇಳಬಹುದು. ಖಿನ್ನತೆ ಅಥವಾ ತೀವ್ರ ಆತಂಕ ಸೇರಿಕೊಂಡಿದ್ದರೆ ಅದಕ್ಕೆ ಆಪ್ತ ಸಮಾಲೋಚನೆ, ಅಗತ್ಯವಿದ್ದರೆ ಔಷಧಿ ಬೇರೆಯಾಗಿಯೇ ಬೇಕು. ಓದು ಸುಧಾರಿಸಿದರೆ ಮನಸ್ಸು ತಾನಾಗಿ ಸರಿಹೋಗುತ್ತದೆ ಎಂದು ಕಾಯುವುದೂ, ಬರಿ ಸಮಾಲೋಚನೆಯಿಂದ ಓದು ಬರುತ್ತದೆ ಎಂದು ನಂಬುವುದೂ ಎರಡೂ ತಪ್ಪು.

ದೊಡ್ಡವರಾದ ಮೇಲೆ?

ಡಿಸ್ಲೆಕ್ಸಿಯಾ ಪೂರ್ತಿ ಹೋಗುವುದಿಲ್ಲ. ಓದು ನಿಧಾನವಾಗಿಯೇ ಉಳಿಯಬಹುದು, ಬದುಕು ಹಾಗೆಯೇ ನಿಂತುಬಿಡಬೇಕಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ನಡುವಯಸ್ಸಿನವರೆಗೆ ಹಿಂಬಾಲಿಸಿ ನೋಡಿದರು. ಅವರಲ್ಲಿ ಕಲಿಕಾ ನ್ಯೂನತೆಯಿದ್ದ ಮಕ್ಕಳೂ ಇದ್ದರು. ಹದಿಹರೆಯದಲ್ಲಿ ಅವರಲ್ಲಿ ಹಲವರು ತುಂಬ ಕಷ್ಟಪಟ್ಟರು. ದೊಡ್ಡವರಾಗುವ ಹೊತ್ತಿಗೆ ಹೆಚ್ಚಿನವರು ತಮ್ಮ ಕಾಲ ಮೇಲೆ ನಿಂತಿದ್ದರು. ಹಾಗೆ ನಿಂತವರಲ್ಲಿ ಹುಡುಕಿದಾಗ ಸಿಕ್ಕ ಸಂಗತಿಗಳಲ್ಲಿ ಒಂದು, ಅವರನ್ನು ನಂಬಿದ ಒಬ್ಬ ಹಿರಿಯರು ಅವರ ಬದುಕಿನಲ್ಲಿ ಇದ್ದದ್ದು. ಆ ಹಿರಿಯರು ಅಪ್ಪ ಅವ್ವ ಆಗಿರಲೇಬೇಕೆಂದಿರಲಿಲ್ಲ. ಕೆಲವರಿಗೆ ಅವರು ಅಜ್ಜಿಯಾಗಿದ್ದರು, ಕೆಲವರಿಗೆ ಒಬ್ಬ ಶಿಕ್ಷಕಿ.